ಕಡೆಯ ಹನ್ನೊಂದು ಹಾಳೆ

ಹಡಗಲಿ ತಾಲ್ಲೂಕಿನ ಬೇವಿನಮರಡಿಯಲ್ಲಿ ನೀರುಗಂಟಿ ಗಾದಿಲಿಂಗಪ್ಪನನ್ನು ಮೂವರು ಸೇರಿ, ಅವನು ನೀರು ಬಿಡುವ ಕಬ್ಬಿಣದ ಚಾವಿಯಿಂದಲೇ ತಲೆಗೆ ಹೊಡೆದು ಕೊಂದರು. ಏಪ್ರಿಲ್ ತಿಂಗಳು, ಬುಧವಾರ, ಸಂಜೆ ಐದೂವರೆ. ಅಂದು ಅವನು ಊರಿಗಿಂತ ಮೊದಲು ಕೇರಿಗೆ ನೀರು ಬಿಟ್ಟಿದ್ದ. ಹೊಡೆದವರು ಅದೇ ಚಾವಿಯಿಂದ ನೀರಿನ ಕೊಳವೆಯ ವಾಲು ತಿರುಗಿಸಿ ಕೇರಿಯ ನೀರು ನಿಲ್ಲಿಸಿ, ಚಾವಿಯನ್ನು ವಾಲಿನ ಗುಂಡಿಗೆ ಎಸೆದು ಹೋದರು. ಐದು ವರ್ಷ ಕೇಸು ನಡೆಯಿತು. ಮೂವರಿಗೂ ಬಿಡುಗಡೆಯಾಯಿತು.

ಕೊಲೆಯಾಗಿ ಹದಿನೇಳು ವರ್ಷದ ಮೇಲೆ ಒಂದು ಭಾನುವಾರ ಮುಂಜಾನೆ, ಗಾದಿಲಿಂಗಪ್ಪನ ಮಗಳು ಯಶೋಧರಾ ಹಗರಿಬೊಮ್ಮನಹಳ್ಳಿಯ ಒಂದು ಮಾಳಿಗೆ ಕೋಣೆಯಲ್ಲಿ ಒಗ್ಗರಣೆ ಮಂಡಕ್ಕಿಯ ತಟ್ಟೆಗಳನ್ನು ಹಂಚುತ್ತಿದ್ದಳು. ತಟ್ಟೆಗೆ ಎರಡೆರಡು ಮಿರ್ಚಿ. ಅಪ್ಪನ ಸಾವಿನ ಮೇಲೆ ಅವಳು ಬರೆದ ಮುನ್ನೂರ ಹನ್ನೆರಡು ಪುಟದ ಕಾದಂಬರಿಯ ಕಡೆಯ ಅಧ್ಯಾಯವನ್ನು ಅಂದು ಅಲ್ಲಿ ಓದುವುದಿತ್ತು. ಓದಿದ ಮೇಲೆ ಕರಡಿನ ಕಡೆಯ ಹಾಳೆಯ ಮೇಲೆ ‘ಅಚ್ಚಿಗೆ ಕೊಡಬಹುದು’ ಎಂದು ಬರೆದು ಅವಳು ಸಹಿ ಮಾಡಬೇಕು. ಮಂಗಳವಾರ ಕೊಟ್ಟೂರಿನಲ್ಲಿ ಮಷೀನು ತಿರುಗಬೇಕು. ಆರು ವರ್ಷದ ಬರವಣಿಗೆ. ಹರಪನಹಳ್ಳಿಯ ಒಂದು ಸರ್ಕಾರಿ ಕಚೇರಿಯಲ್ಲಿ ವಾರವಿಡೀ ಬೇರೆಯವರ ಕಡತ ಬರೆದು, ಭಾನುವಾರ ತನ್ನ ಕಡತ ಬರೆದುಕೊಂಡವಳು ಅವಳು.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದೂರಿನವರು ಕೂಡಿ ಕಟ್ಟಿಕೊಂಡ ಓದುಬಳಗ ಅದು. ತಿಂಗಳಿಗೊಂದು ಊರು. ಬರೆದವರು ತಮ್ಮ ಬರಹವನ್ನು ತಾವೇ ಓದುವಂತಿಲ್ಲ, ಬೇರೆಯವರು ಓದಬೇಕು. ಎಲ್ಲರ ಮಾತು ಮುಗಿಯುವವರೆಗೆ ಬರೆದವರು ಬಾಯಿ ತೆರೆಯುವಂತಿಲ್ಲ, ತಟ್ಟೆ ಹಂಚಬೇಕು, ಚಹಾ ಕೊಡಬೇಕು, ಬೈಸಿಕೊಳ್ಳಬೇಕು. ಯಾರ ಬದುಕನ್ನು ಬರೆದದ್ದೋ ಅವರು ಕೂತಿದ್ದರೆ ಕಡೆಯ ಮಾತು ಅವರದು. ಈ ಕಟ್ಟಳೆ ಮಾಡಿದವನು ಕೋಣೆಯ ಯಜಮಾನ ಕ್ರಾಂತಿಕುಮಾರ್. ಬ್ಯಾಂಕಿನಲ್ಲಿ ಕ್ಯಾಷಿಯರು, ಐವತ್ತರ ಹತ್ತಿರದವನು. ಯಶೋಧರಾಳಿಗೆ ಮೊದಲ ಪುಸ್ತಕ ಓದಲು ಕೊಟ್ಟವನೂ ಅವನೇ, ಅವಳ ಮೊದಲ ಕಥೆಯನ್ನು ನಾಲ್ಕು ಮಂದಿಯೆದುರು ಹರಿದು ಹಾಕಿದವನೂ ಅವನೇ.

ಆವತ್ತು ಹೊಸಬಳೆಂದರೆ ಅವಳ ತಾಯಿ ಉಚ್ಚಂಗೆಮ್ಮ. ಆರು ವರ್ಷದಲ್ಲಿ ಎಷ್ಟು ಕರೆದರೂ ಬಾರದವಳು, ಕಡೆಯ ಅಧ್ಯಾಯ ಎಂದು ಕೇಳಿ, ಬೆಳಗಿನ ಬಸ್ಸಿಗೆ ಮಗಳ ಜೊತೆ ಹೊರಟುಬಂದಿದ್ದಳು. ಗೋಡೆಗೆ ಬೆನ್ನು ಕೊಟ್ಟು ಚಾಪೆಯ ಮೇಲೆ ಕೂತಳು.

“ಅಮ್ಮ, ಕುರ್ಚಿ ಮ್ಯಾಲೆ ಕುಂದರ್ರಿ,” ಎಂದು ಬಸವೇಶ್ ಎದ್ದು ತನ್ನ ಕುರ್ಚಿಯನ್ನೇ ಎಳೆದುಕೊಟ್ಟ. ಕೊಟ್ಟೂರಿನಲ್ಲಿ ಅಚ್ಚುಕೂಟ ಇಟ್ಟುಕೊಂಡವನು ಅವನು. ಅಪ್ಪನ ಕಾಲದ ಎಣ್ಣೆ ಗಾಣದ ವ್ಯಾಪಾರ ತಮ್ಮಂದಿರಿಗೆ ಬಿಟ್ಟು, ತಾನು ಪುಸ್ತಕದ ಹುಚ್ಚಿಗೆ ಬಿದ್ದವನು. ಬಳಗದವರ ಒಂಬತ್ತು ಪುಸ್ತಕ ಅವನ ಅಚ್ಚುಕೂಟದಿಂದಲೇ ಬಂದಿದ್ದವು. ಬೇರೆ ಯಾರೂ ಮುಟ್ಟದ ಬರಹಗಳನ್ನು ಒಳ್ಳೆಯ ಕಾಗದದ ಮೇಲೆ ತಂದಿದ್ದ. ಅದನ್ನು ಯಾರೂ ಇಲ್ಲ ಅನ್ನುವಂತಿರಲಿಲ್ಲ.

“ನೆಲ ಚೊಲೊ ಐತಿ ಸಾವ್ಕಾರ್ರೇ. ಇಲ್ಲಿಂದ ಬೀಳಾಕ ಜಾಗ ಇಲ್ಲ.”

“ಸಾವ್ಕಾರ ಅನಬ್ಯಾಡ್ರಮ್ಮ, ಬಸವೇಶ ಅನ್ರಿ. ನಮ್ಮ ಮನ್ಯಾಗ ಆ ಭೇದ ಎಲ್ಲಾ ಯಾವಾಗೋ ಹೋಗೈತಿ.”

“ಎಲ್ಲಿಗೆ ಹೋಗೈತಿ?” ಎಂದಳು ಉಚ್ಚಂಗೆಮ್ಮ, ನಿಜವಾಗಿ ಊರಿನ ಹೆಸರು ಕೇಳುವವಳ ಹಾಗೆ.

ಕ್ರಾಂತಿಕುಮಾರ್ ಮಂಡಕ್ಕಿ ನೆತ್ತಿಗೆ ಹತ್ತುವಂತೆ ನಕ್ಕ. ಬಸವೇಶನೂ ನಕ್ಕ, ತುಸು ತಡವಾಗಿ.

ಓದುವ ಪಾಳಿ ರೋಜಾಳದು. ಹಡಗಲಿಯಲ್ಲಿ ಕಾಲೇಜು ಹುಡುಗರಿಗೆ ಕನ್ನಡ ಕಲಿಸುವವಳು, ಇಪ್ಪತ್ತಾರು ವರ್ಷ, ಗಂಟಲು ಚೆನ್ನಾಗಿತ್ತು. ಹನ್ನೊಂದು ಹಾಳೆಗಳನ್ನು ತೊಡೆಯ ಮೇಲಿಟ್ಟುಕೊಂಡು ಶುರು ಮಾಡಿದಳು.

ಯಶೋಧರಾ ಬಾಗಿಲ ಬಳಿ ಚಹಾದ ಕೆಟಲಿನ ಪಕ್ಕ ನಿಂತು ಕೇಳಿದಳು. ಆ ಅಧ್ಯಾಯದಲ್ಲಿ ಒಬ್ಬ ಪೊಲೀಸ್ ಅಧಿಕಾರಿ ಬರುತ್ತಾನೆ. ಕೊಲೆಯಾದ ರಾತ್ರಿಯೇ ವಾಲಿನ ಗುಂಡಿಗೆ ಇಳಿದು, ರಕ್ತ ಹತ್ತಿದ ಚಾವಿಯನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಎತ್ತಿಕೊಳ್ಳುತ್ತಾನೆ. ಚಾವಿ ನ್ಯಾಯಾಲಯಕ್ಕೆ ಬರುತ್ತದೆ, ರಕ್ತ ಸತ್ತವನದೆಂದು ವರದಿ ಬರುತ್ತದೆ, ಸಾಕ್ಷಿಗಳು ನಡುಗುತ್ತ ನಿಂತರೂ ಮಾತು ಬದಲಿಸುವುದಿಲ್ಲ. ಮೂವರಿಗೂ ಜೀವಾವಧಿ. “ತೀರ್ಪು ಓದುತ್ತಿದ್ದ ನ್ಯಾಯಾಧೀಶರ ದನಿ ಒಂದು ಗಳಿಗೆ ನಡುಗಿತು,” ಎಂದು ರೋಜಾ ಓದಿದಳು, ಅವಳ ದನಿಯೂ ನಡುಗಿತು. ವಿಧವೆ ನ್ಯಾಯಾಲಯದ ಮೆಟ್ಟಿಲ ಮೇಲೆ ಕೂತು, ನ್ಯಾಯ ಸಿಕ್ಕಿತು, ಅವರು ಸಿಗಲಿಲ್ಲ ಎಂದು ಅಳುತ್ತಾಳೆ. ಮರುದಿನ ಕೇರಿಯ ನಲ್ಲಿಯಲ್ಲಿ ನೀರು ಬರುತ್ತದೆ. ಕಾದಂಬರಿ ಮುಗಿಯುತ್ತದೆ.

ಹಾಳೆಗಳನ್ನು ಜೋಡಿಸಿಟ್ಟು ರೋಜಾ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ವಾಹ್,” ಎಂದ ಬಸವೇಶ್. “ವಾಹ್ ರೀ ಯಶೋಧರಾ ಅವ್ರೇ. ಇದಕ್ಕ ಅಂತಾರ ನೋಡ್ರಿ ಕಾದಂಬರಿ. ದುಃಖನೂ ಐತಿ, ನ್ಯಾಯನೂ ಐತಿ.”

“ಕೋರ್ಟೂ ಭಾರೀ ಐತಿ,” ಎಂದ ಕ್ರಾಂತಿಕುಮಾರ್, ಮಿರ್ಚಿಯ ತೊಟ್ಟು ತಟ್ಟೆಯಂಚಿಗೆ ಇಡುತ್ತ. “ಎಷ್ಟು ಸ್ವಚ್ಛ ಐತಿ ಅಂದ್ರ, ಹಾಸಿಗಿ ತಗೊಂಡು ಹೋಗಿ ಮಲಗಬೇಕು ಅನಿಸ್ತೈತಿ. ಇಪ್ಪತ್ತು ವರ್ಷ ಯೂನಿಯನ್ ಕೇಸಿಗೆ ಕೋರ್ಟಿಗೆ ಅಡ್ಡಾಡೀನಿ ನಾನು. ಜಡ್ಜ್ ದನಿ ನಡುಗಿದ್ದು ಒಂದು ದಿನ ಕೇಳಿಲ್ಲ. ಫ್ಯಾನಿನ ಸಪ್ಪಳಕ್ಕ ಅವ್ರ ದನಿನೇ ಕೇಳಂಗಿಲ್ಲ.”

“ಅದು ಕಾದಂಬರಿ, ಕಾಮ್ರೇಡ್. ಕೋರ್ಟಿನ ನಕಲು ಅಲ್ಲ,” ಎಂದ ಬಸವೇಶ್.

“ಕೊಲಿ ಮಾತ್ರ ನಕಲು ಆಗಬೇಕು, ಹೌದಿಲ್ಲೋ? ತಲಿ ಒಡದದ್ದು ಒಂದು ಹನಿನೂ ಬಿಡದಂಗ ಬರೀಬೇಕು. ತೀರ್ಪು ಬಂದಾಗ ಮಾತ್ರ ಕಾದಂಬರಿ ಆಗಿಬಿಡಬೇಕು.”

ಯಶೋಧರಾಳ ಕೈಯಲ್ಲಿ ಕೆಟಲು ಭಾರವಾಯಿತು. ಅವಳು ಅದನ್ನು ಕೆಳಗಿಡಲಿಲ್ಲ. ಕಟ್ಟಳೆ ಮಾಡಿದವನ ಎದುರೇ ಕಟ್ಟಳೆ ಮುರಿಯಬಾರದೆಂದು ಹಲ್ಲು ಕಚ್ಚಿದಳು.

ಬಸವೇಶ್ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡ. “ಇಲ್ಲಿ ಕೇಳ್ರಿ. ಓದುಗ ಮುನ್ನೂರು ಪುಟ ರಕ್ತದಾಗ ನಡದು ಬಂದಾನ. ನಾನು ಸುಖಾಂತ್ಯ ಕೇಳಾಕತ್ತಿಲ್ಲ. ಸತ್ತವ ಸತ್ತೇ ಇರ್ತಾನ, ಹೆಂಡ್ತಿ ಮಕ್ಕಳು ಅಳ್ತಾರ, ಅಳಲಿ. ಆದ್ರ ಕೊಂದವ ಒಳಗ ಹೋಗಬೇಕು. ಅಷ್ಟೂ ಇಲ್ಲಾಂದ್ರ ಮಂದಿ ಪುಸ್ತಕ ಯಾಕ ಓದಬೇಕು? ಪೇಪರ್ ಸಾಕಲ್ಲ! ನ್ಯಾಯ ಅಂದ್ರ ಹೆಂಗಿರ್ತೈತಿ ಅಂತ ಪುಸ್ತಕದಾಗಾದ್ರೂ ತೋರಿಸಲಿಲ್ಲ ಅಂದ್ರ, ಮುಂದಿನವರು ಅದನ್ನ ಕೇಳೋದರ ಹೆಂಗ?”

“ಕೇಳಂಗಿಲ್ಲ. ಸಿಕ್ಕೈತಿ ಅಂತ ತಿಳ್ಕೊಂಡು ಚಾ ಕುಡದು ಮಲಗ್ತಾರ.”

“ನಾ ಮಲಗಂಗಿಲ್ರಿ ಸರ್,” ಎಂದಳು ರೋಜಾ. ಕಣ್ಣು ಇನ್ನೂ ಒದ್ದೆಯಿತ್ತು, ದನಿಯಲ್ಲಿ ಮಾತ್ರ ಕಿಡಿ. “ನೀವು ಎಲ್ಲಾದ್ದಕ್ಕೂ ನಗ್ತೀರಿ. ನಮ್ಮ ದೊಡ್ಡಪ್ಪನ ಮನಿ ಸುಟ್ಟಾಗ ಒಂದು ಹುಳನೂ ಒಳಗ ಹೋಗಲಿಲ್ಲ. ಎಲ್ಲೂ ಸಿಗದಿದ್ದು ನಮಗ ಪುಸ್ತಕದಾಗಾದ್ರೂ ಸಿಗಲಿ ಬಿಡ್ರಿ. ಅದನ್ನೂ ಕಸ್ಕೋತೀರೇನು? ಮೂವರೂ ಜೈಲಿನ ಗಾಡಿ ಹತ್ತೋದು ಓದುವಾಗ ನನಗ ಎಷ್ಟು ಹಿತ ಆತು ಗೊತ್ತೇನು?”

“ಅದಾ ನನ್ನ ತಕರಾರು, ರೋಜಾ. ಹಿತ ಆತಲ್ಲ, ಅದಾ.”

“ಹಿತ ಆಗೋದು ತಪ್ಪಾ?”

“ನಿನಗ ಹಿತ ಆಗಿದ್ದು ತಪ್ಪಲ್ಲವ್ವ. ಆದ್ರ ಈ ಪುಸ್ತಕ ನೀ ಒಬ್ಬಾಕಿ ಓದಂಗಿಲ್ಲ. ಬೇವಿನಮರಡಿ ಊರಿನವರೂ ಓದ್ತಾರ. ಅವ್ರಿಗೂ ಹಿತ ಆಗ್ತೈತಿ.”

ಯಶೋಧರಾ ಚಹಾ ಸುರಿದಳು. ಒಂದು ಲೋಟ ತುಂಬಿ ಹರಿಯಿತು. ಕ್ರಾಂತಿಕುಮಾರನ ಮಾತು ಸರಿಯಿರಬಹುದು ಎಂಬುದಕ್ಕಿಂತ, ಅವನು ಅದನ್ನು ಮಿರ್ಚಿ ತಿನ್ನುತ್ತ ಹೇಳಿದ್ದು ಅವಳಿಗೆ ಉರಿಯಿತು. ಆ ಹನ್ನೊಂದು ಹಾಳೆಗಳನ್ನು ಅವಳು ನಾಲ್ಕು ದಿನದಲ್ಲಿ ಬರೆದಿದ್ದಳು. ಉಳಿದ ಮುನ್ನೂರು ಪುಟಕ್ಕೆ ಆರು ವರ್ಷ ಹಿಡಿಯಿತು, ಇವು ಮಾತ್ರ ತಾವೇ ಬಂದವು. ಬಿಳಿ ಬಟ್ಟೆಯಲ್ಲಿ ಚಾವಿ ಸುತ್ತುವ ಸಾಲು ಬರೆದ ದಿನ ಅವಳು ಹದಿನಾಲ್ಕನೆಯ ವಯಸ್ಸಿನಿಂದ ಮಾಡದಿದ್ದ ನಿದ್ದೆ ಮಾಡಿದ್ದಳು. ಅದು ಯಾಕೆಂದು ಈ ಕೋಣೆಯಲ್ಲಿ ಒಬ್ಬಳಿಗೆ ಮಾತ್ರ ಗೊತ್ತಿತ್ತು. ಆ ಒಬ್ಬಳು ಗೋಡೆಗೆ ಬೆನ್ನು ಕೊಟ್ಟು, ಮಂಡಕ್ಕಿಯಲ್ಲಿನ ಕರಿಬೇವನ್ನು ಆರಿಸಿ ಪಕ್ಕಕ್ಕಿಡುತ್ತಿದ್ದಳು.

“ಅಮ್ಮ, ನೀವು ಹೇಳ್ರಿ,” ಎಂದ ಕ್ರಾಂತಿಕುಮಾರ್. “ಕಡೀ ಮಾತು ನಿಮ್ದು.”

ಉಚ್ಚಂಗೆಮ್ಮ ತಟ್ಟೆ ಕೆಳಗಿಟ್ಟಳು. “ಈ ಕೋರ್ಟು ಯಾವೂರಾಗ ಐತಪ್ಪ?”

“ಯಾವ ಕೋರ್ಟು?”

“ಈ ಹುಡುಗಿ ಓದಿದ್ದು. ವಿಳಾಸ ಬರಕೊಡ್ರಿ, ನಾಳೆ ಬಸ್ ಹತ್ತಿ ಹೋಗ್ತೀನಿ. ನಾ ಹೋದ ಕೋರ್ಟಿನಾಗ ಹಿಂಗ ಇರಲಿಲ್ಲ. ನಾ ಹೋದಲ್ಲಿ ವಕೀಲ ನನ್ನ ಕೇಳಿದ, ಚಾವಿ ಮ್ಯಾಲೆ ರಕ್ತ ಇತ್ತೇನು ಅಂತ. ಇತ್ತು ಅಂದೆ. ಈಗ ಎಲ್ಲಿ ಐತಿ ಅಂದ. ತೊಳದೆ ಅಂದೆ. ಎಲ್ಲಾರೂ ನಕ್ರು.” ಅವಳು ಮಗಳ ಕಡೆ ನೋಡಲಿಲ್ಲ. “ಈ ಪುಸ್ತಕದಾಗ ಆ ಚಾವಿಗೆ ರಕ್ತ ಹಂಗ ಐತಲ್ಲ. ಯಾರೂ ತೊಳದೇ ಇಲ್ಲಲ್ಲ. ಹಂಗಾದ್ರ ಇಕಿ ಅಪ್ಪನ ಮೈ ಯಾವ ನೀರಿನಾಗ ತೊಳದ್ವಿ ನಾವು?”



“ತೊಳದ್ರಾ?” ಎಂದಳು ರೋಜಾ ಮೆಲ್ಲಗೆ. “ಯಾಕ ತೊಳದ್ರಿ ಅಮ್ಮ? ಅದು ಸಾಕ್ಷಿ ಅಲ್ಲೇನ್ರಿ?”

“ನಿಮಗ ಸಾಕ್ಷಿ. ನಮಗ ನೀರಿನ ಚಾವಿ.”

ಪೊಲೀಸರು ಕೊಲೆಯಾದ ರಾತ್ರಿ ಬಂದಿದ್ದರು. ದೂರಿನಲ್ಲಿ ಯಾರೋ ಬಡಿಗೆ ಎಂದು ಬರೆಸಿದ್ದರಿಂದ ಬಡಿಗೆ ಹುಡುಕಿ, ಸಿಗದೆ, ಹೆಣ ಎತ್ತಿಕೊಂಡು ಹಡಗಲಿಗೆ ಹೋದರು. ಗುಂಡಿಗೆ ಯಾರೂ ಇಣುಕಲಿಲ್ಲ. ಮರುದಿನ ನಾಲ್ಕು ಗಂಟೆಗೆ ಹೆಣ ಮನೆಗೆ ಬಂತು. ಹೊಲಿಗೆ ಹಾಕಿದ ತಲೆ, ಮಣ್ಣು ಹತ್ತಿದ ಮೈ. ಮಣ್ಣು ಮಾಡುವ ಮುಂಚೆ ಮೈ ತೊಳೆಯಬೇಕು. ಕೇರಿಯ ಯಾವ ಕೊಡದಲ್ಲೂ ನೀರಿಲ್ಲ. ಟ್ಯಾಂಕಿನಲ್ಲಿ ಇದೆ, ವಾಲು ಮುಚ್ಚಿದೆ. ಊರಿನವರನ್ನು ಕೇಳುವಂತಿಲ್ಲ. ಆ ಸಂಜೆ ಸಾಕ್ಷಿ ಎಂಬ ಮಾತು ಕೇರಿಯಲ್ಲಿ ಯಾರ ಬಾಯಲ್ಲೂ ಇರಲಿಲ್ಲ. ನೀರು ಎಂಬ ಮಾತು ಎಲ್ಲರ ಬಾಯಲ್ಲೂ ಇತ್ತು.

“ನಾನ ತೊಳದೆ,” ಎಂದಳು ಉಚ್ಚಂಗೆಮ್ಮ, ಕೋರ್ಟಿನಲ್ಲಿ ಹೇಳಿದ ಅದೇ ಗಟ್ಟಿ ದನಿಯಲ್ಲಿ. “ಗುಂಡಿಗೆ ಇಳದು, ಚಾವಿ ತೊಳದು, ವಾಲು ಬಿಟ್ಟೆ. ನೀರು ಬಂತು.”

ಯಶೋಧರಾ ಕೆಟಲನ್ನು ನೆಲಕ್ಕೆ ಇಟ್ಟಳು.

“ಆಕಿ ಇಳಿಯಲಿಲ್ಲ,” ಎಂದಳು.

“ಲೇ, ಸುಮ್ನಿರು. ನೀ ಬಾಯಿ ತೆರಿಯಂಗಿಲ್ಲ ಇಲ್ಲಿ. ಅವ್ರದ್ದ ಕಟ್ಟಳಿ.”

“ಆಕಿ ಹೆಣದ ಮುಂದ ಕುಂತಿದ್ಲು. ನಾನು ಇಳದೆ. ಚಾವಿ ಐತೇನು ನೋಡು, ಇದ್ರ ತೊಳದು ನೀರು ಬಿಡು ಅಂದ್ಲು. ಅಪ್ಪನ ಜೊತಿ ಎಷ್ಟೋ ಸಲ ಹೋಗಿದ್ದೆ, ಯಾವ ಕಡಿ ತಿರುಗಿಸಬೇಕು ಅಂತ ನನಗೊಬ್ಬಾಕಿಗೇ ಗೊತ್ತಿತ್ತು. ಗುಂಡ್ಯಾಗ ವಾಲು ಸೋರಿದ ಕೆಸರು ನೀರು ಮೊಣಕಾಲುದ್ದ ನಿಂತಿತ್ತು. ಚಾವಿ ನೀರಿಗೆ ಬೀಳದಂಗ ಪೈಪಿನ ಮ್ಯಾಲೆ ಕುಂತಿತ್ತು. ರಕ್ತ ಒಣಗಿ ಹತ್ತಿಬಿಟ್ಟಿತ್ತು, ತೊಳದ್ರ ಬರಲಿಲ್ಲ. ಬೂದಿ ತಂದು ತಿಕ್ಕಿದೆ. ಕೂದಲು ಇದ್ವು, ಉಗುರಿಂದ ತಗದೆ. ಹಿಡಿಕಿ ಹೊಳೆಯೋವರೆಗೂ ತಿಕ್ಕಿದೆ. ಅಪ್ಪ ದಿನಾ ಹಂಗ ಇಟ್ಕೋತಿದ್ದ.” ಅವಳ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. “ಎಂಟು ದಿನದ ಮ್ಯಾಲೆ ಪೊಲೀಸರು ಬಂದು ಚಾವಿ ಜಪ್ತಿ ಮಾಡಿದಾಗ, ಪಂಚನಾಮಿನಾಗ ಬರದಾರ. ‘ಸ್ವಚ್ಛವಾಗಿದೆ’ ಅಂತ.”

ರೋಜಾ ಬಾಯಿಗೆ ಕೈ ಇಟ್ಟುಕೊಂಡಳು. ಕ್ರಾಂತಿಕುಮಾರ್ ಎದ್ದೇ ನಿಂತ. ಅವನ ಮುಖದಲ್ಲಿ ಮರುಕಕ್ಕಿಂತ ಮೊದಲು ಬಂದದ್ದು ಬೇರೆ.

“ಇದು! ಇದು ನೋಡು ತಂಗಿ ಅಂತ್ಯ! ಆರು ವರ್ಷ ಇದನ್ನ ಮುಚ್ಚಿಟ್ಕೊಂಡು ಯಾವ್ದೋ ಪೊಲೀಸಪ್ಪನ್ನ ಗುಂಡಿಗೆ ಇಳಿಸೀಯಲ್ಲ! ಇದನ್ನ ಬರದ್ರ—”

“ಕುಂದ್ರಪ್ಪ,” ಎಂದಳು ಉಚ್ಚಂಗೆಮ್ಮ. “ನಿಂಗೂ ರುಚಿ ಹತ್ತಿತೇನು?”

ಅವನು ಕೂತ. ಆ ಮನುಷ್ಯ ಬಾಯಿ ಮುಚ್ಚಿ ಕೂತದ್ದನ್ನು ಬಳಗದವರು ಹದಿನೈದು ವರ್ಷದಲ್ಲಿ ಕಂಡಿರಲಿಲ್ಲ.

ಬಸವೇಶ್ ಮಾತ್ರ ತಲೆ ಅಲ್ಲಾಡಿಸುತ್ತಿದ್ದ. ಕರುಣೆಯಿಂದಲೇ ಶುರು ಮಾಡಿದ. “ಆಗಿದ್ದು ಆಗಿಹೋತು ಯಶೋಧರಾ ಅವ್ರೇ. ನೀವು ಸಣ್ಣಾಕಿ ಇದ್ರಿ. ನಿಮ್ಮ ಹೊಟ್ಟಿ ಉರಿ ನನಗ ತಿಳೀತೈತಿ. ಆದ್ರ ಅದನ್ನ ಪುಸ್ತಕಕ್ಕ ತರಬ್ಯಾಡ್ರಿ. ತಂದ್ರ ಏನಾಗ್ತೈತಿ ಗೊತ್ತೇನು? ಓದಿದವರು ಹಂತಕರನ್ನ ಬಿಟ್ಟು ನಿಮ್ಮನ್ನ ಹಿಡೀತಾರ. ಮಗಳೇ ಸಾಕ್ಷಿ ತೊಳದಾಳ, ಕೋರ್ಟ್ ಏನ್ ಮಾಡೀತು ಪಾಪ, ಅಂತಾರ. ಈಗ ಇರೋ ಅಂತ್ಯಕ್ಕ ಯಾರ ತಕರಾರೂ ಇಲ್ಲ. ಖಾತ್ರಿ ಮಾಡ್ಕೊಂಡ ಹೇಳಾಕತ್ತೀನಿ ನಾನು.”

“ಯಾರ ಹತ್ರ ಖಾತ್ರಿ ಮಾಡ್ಕೊಂಡ್ರಿ?” ಎಂದಳು ಯಶೋಧರಾ.

“ಹಂಗ... ಕಾನೂನು ಪ್ರಕಾರ ನೋಡಬೇಕಲ್ರಿ ಪ್ರಕಾಶಕ ಆದವ. ಬಿಡುಗಡಿ ಆದವರ ಮ್ಯಾಲೆ ಬರದೀವಿ. ನಾಳೆ ಮಾನನಷ್ಟ ಅಂತ ನೋಟೀಸ್ ಬಂದ್ರ ನಾನೂ ಅಡ್ಡಾಡಬೇಕು, ನೀವೂ ಅಡ್ಡಾಡಬೇಕು.”

“ಯಾರ ಹತ್ರ, ಬಸವೇಶಣ್ಣ?”

ಅವನು ಕನ್ನಡಕ ತೆಗೆದು ಒರೆಸಿದ. “ಜಂಬಣ್ಣಾರಿಗೆ ತೋರಿಸಿದ್ದೆ. ಕರಡು.”

ಜಂಬಣ್ಣ ಎಂದರೆ ಆ ಕೇಸಿನ ಒಂದನೇ ಆರೋಪಿ. ಚಾವಿ ಮೊದಲು ಎತ್ತಿದ ಕೈ ಅವನದು. ಈಗ ಬೇವಿನಮರಡಿಯಲ್ಲಿ ಎರಡು ಮೆಕ್ಕೆಜೋಳದ ಗೋದಾಮು, ಊರ ಶಾಲೆಯ ಸಮಿತಿಯಲ್ಲಿ ಕುರ್ಚಿ.

“ನಮ್ಮ ಮನಿಯಾಕಿಗೆ ಸೋದರಮಾವ ಆಗಬೇಕು ಅವ್ರು,” ಎಂದು ಬಸವೇಶ್ ಬಡಬಡ ಮುಂದುವರಿಸಿದ. “ಅದನ್ನ ನಿಮಗ ಹೇಳಬೇಕಿತ್ತು, ಹೇಳಲಿಲ್ಲ, ತಪ್ಪು ನಂದು. ಆದ್ರ ಕೇಳ್ರಿ ಇಲ್ಲಿ, ಅವ್ರು ಪೂರಾ ಓದ್ಯಾರ. ಸಿಟ್ಟಾಗಲಿಲ್ಲ! ಏನಂದ್ರು ಗೊತ್ತೇನು? ಚೊಲೊ ಬರದಾಳ ಹುಡುಗಿ, ಅಂದ್ರು. ತಪ್ಪು ಮಾಡಿದವಗ ಶಿಕ್ಷೆ ಆಗೈತಿ, ಹಂಗ ಆಗಬೇಕು, ಅಂದ್ರು. ಶಾಲಿ ಹುಡುಗರಿಗೆ ಹಂಚಾಕ ಪುಸ್ತಕ ತಗೋತೀನಿ, ಬಿಡುಗಡಿ ದಿನ ಬಂದು ಕುಂದರ್ತೀನಿ ಅಂದಾರ. ಇದಕ್ಕಿಂತ ದೊಡ್ಡ ಗೆಲುವು ಏನು ಬೇಕ್ರಿ ನಿಮಗ? ಅಂಥ ಮನುಷ್ಯಾನ ಬಾಯಿಂದ ಶಿಕ್ಷೆ ಆಗಬೇಕು ಅಂತ ಹೇಳಿಸೀರಿ ನೀವು!”

ಯಶೋಧರಾಳಿಗೆ ಒಮ್ಮೆಗೇ ಎಲ್ಲ ಕಂಡಿತು. ಜಂಬಣ್ಣ ತನ್ನ ಪಡಸಾಲೆಯಲ್ಲಿ ಕಾಲ ಮೇಲೆ ಕಾಲು ಹಾಕಿ ಅವಳ ಹನ್ನೊಂದು ಹಾಳೆ ಓದುತ್ತಾನೆ. ಪುಸ್ತಕದೊಳಗೆ ಒಬ್ಬ ಕೊಲೆಗಾರ ಸಿಕ್ಕಿಬೀಳುತ್ತಾನೆ, ಜೈಲಿಗೆ ಹೋಗುತ್ತಾನೆ. ಓದುತ್ತ ಕೂತವನು ಹೊರಗಿದ್ದಾನೆ, ಪಡಸಾಲೆಯಲ್ಲಿದ್ದಾನೆ, ಚಹಾ ಬಂದಿದೆ. ಅಂದ ಮೇಲೆ ಆ ಕೊಲೆಗಾರ ತಾನಲ್ಲ. ಯಾವನೋ ಬೇರೆ. ಪಾಪಿ, ಅನುಭವಿಸಲಿ. ಜಂಬಣ್ಣನಿಗೆ ನಿಜಕ್ಕೂ ಹಿತವಾಗಿರಬೇಕು. ಕಣ್ಣಲ್ಲಿ ನೀರೂ ಬಂದಿರಬಹುದು.

ಹದಿನಾಲ್ಕನೆಯ ವಯಸ್ಸಿನಲ್ಲಿ ಬೂದಿ ಹಾಕಿ ತಿಕ್ಕಿದ್ದು ಕಬ್ಬಿಣ. ಈಗ ಮೂವತ್ತೊಂದನೆಯ ವಯಸ್ಸಿನಲ್ಲಿ ನಾಲ್ಕು ದಿನ ಕೂತು, ಒಳ್ಳೆಯ ಕನ್ನಡದಲ್ಲಿ, ಆ ಮನುಷ್ಯನ ಕೈ ತೊಳೆದುಕೊಟ್ಟಿದ್ದಳು. ಅಂದು ಗೊತ್ತಿರಲಿಲ್ಲ, ನೀರು ಬೇಕಿತ್ತು. ಈ ಸಲ ಏನು ಬೇಕಿತ್ತು? ನಿದ್ದೆ ಬೇಕಿತ್ತು.

“ಅವ್ರು ನಕ್ಕಿದ್ರೇನು?” ಎಂದು ಕೇಳಿದಳು.

“ಯಾರು?”

“ಜಂಬಣ್ಣ. ಚಾವಿಗೆ ರಕ್ತ ಸಿಕ್ಕಿದ್ದು ಓದುವಾಗ.”

“ಇಲ್ರಿ... ಅದೊಂದಕ್ಕ, ಚಾವಿ ತೊಳದಿತ್ತಲ್ಲೋ ಅಂತ ಒಂದು ಮಾತು ಅಂದ್ರು. ಕಾದಂಬರಿಯಾಗ ನಡೀತೈತಿ ಮಾವ, ಅಂದೆ ನಾನು.”

ಉಚ್ಚಂಗೆಮ್ಮ ಗಂಟಲಲ್ಲಿ ಒಂದು ಸದ್ದು ಮಾಡಿದಳು. ರೋಜಾ ತನ್ನ ತೊಡೆಯ ಮೇಲಿದ್ದ ಹಾಳೆಗಳನ್ನು ಬಿಸಿ ಪಾತ್ರೆ ಇಳಿಸಿದವಳಂತೆ ನೆಲಕ್ಕಿಟ್ಟಳು. ಅವಳಿಗೆ ಸಿಕ್ಕ ಹಿತವನ್ನೇ ಇನ್ನೊಬ್ಬನೂ ಅದೇ ಹಾಳೆಯಿಂದ ಎತ್ತಿಕೊಂಡಿದ್ದ.

“ನೋಡ್ರಿ,” ಎಂದ ಬಸವೇಶ್. ಈಗ ದನಿಯಲ್ಲಿ ಕರುಣೆ ತೆಳ್ಳಗಾಗಿತ್ತು. ಚೀಲದಿಂದ ಕರಡಿನ ಕಟ್ಟು ತೆಗೆದ, ರೋಜಾ ಇಟ್ಟ ಹಾಳೆಗಳನ್ನು ಎತ್ತಿ ಅದರ ಕೆಳಗೆ ಸೇರಿಸಿದ, ಅಂಚು ಕುಟ್ಟಿ ಸಮ ಮಾಡಿದ, ಕಡೆಯ ಹಾಳೆ ಮೇಲೆ ಬರುವಂತೆ ಕಟ್ಟನ್ನು ತಿರುವಿ ಯಶೋಧರಾಳ ಮುಂದಿಟ್ಟ. ಪೆನ್ನಿನ ಟೊಪ್ಪಿಗೆಯನ್ನೂ ತಾನೇ ತೆಗೆದ. “ಒಂಬತ್ತು ಪುಸ್ತಕ ತಂದೀನಿ ನಿಮ್ಮವರದು. ಒಂದು ದಿನ ಒಂದು ಸಾಲು ತಗೀರಿ ಅಂದಿಲ್ಲ. ಈಗೂ ತಗೀರಿ ಅನ್ನಂಗಿಲ್ಲ, ಇದ್ದದ್ದು ಇರಲಿ ಅನ್ನಾಕತ್ತೀನಿ. ನೀವ ಬರದ ಅಂತ್ಯ. ನಾನೇನು ಬರದುಕೊಟ್ಟಿಲ್ಲ.”

“ಹೌದು. ನಾನ ಬರದದ್ದು.”

“ಮತ್ತ? ಸಹಿ ಮಾಡ್ರಿ. ಮಂಗಳವಾರ ಬಿಟ್ರ ಮಷೀನು ಮುಂದ ಖಾಲಿ ಇಲ್ಲ. ಬ್ಯಾರೆ ಅಂತ್ಯ ಬರದ್ರ ಅದು ನನ್ನ ಅಚ್ಚುಕೂಟದಾಗ ಬರಂಗಿಲ್ಲ. ಸ್ಪಷ್ಟ ಹೇಳ್ತೀನಿ. ಈ ಐದು ತಾಲ್ಲೂಕಿನಾಗ ಬ್ಯಾರೆ ಯಾರ ಹತ್ರನೂ ಬರಂಗಿಲ್ಲ, ಅದೂ ನಿಮಗ ಗೊತ್ತೈತಿ.”

“ಈಗ ಸಾವ್ಕಾರ ಆದಿ ನೋಡು,” ಎಂದಳು ಉಚ್ಚಂಗೆಮ್ಮ. “ಇಷ್ಟೊತ್ತು ಬಸವೇಶ ಇದ್ದಿ.”

ಅವನ ಮುಖ ಕೆಂಪಾಯಿತು. “ಅಮ್ಮ, ನೀವಾದ್ರೂ ಬುದ್ಧಿ ಹೇಳ್ರಿ ಮಗಳಿಗೆ. ನಿಮ್ಮ ಗಂಡನ ಹೆಸರಿನಾಗ ಒಂದು ಪುಸ್ತಕ ಬರ್ತೈತಿ. ಅದು ಬ್ಯಾಡೇನು ನಿಮಗ?”

“ಬೇಕಪ್ಪ. ಆದ್ರ ನನ್ನ ಗಂಡನ ಹೆಸರಿಗೆ ನಿನ್ನ ಮಾವ ಬಂದು ಹಾರ ಹಾಕೋದು ಬ್ಯಾಡ.”

ಯಶೋಧರಾ ಪೆನ್ನು ತೆಗೆದುಕೊಂಡಳು. ಬಸವೇಶನ ಉಸಿರು ಹಗುರಾಯಿತು. ಅವಳು ಪೆನ್ನಿಗೆ ಟೊಪ್ಪಿಗೆ ಹಾಕಿ, ಅವನ ಜೇಬಿಗೆ ಸಿಕ್ಕಿಸಿದಳು. ಆಮೇಲೆ ಕಟ್ಟಿನಿಂದ ಒಂದೊಂದಾಗಿ ಹಾಳೆ ತೆಗೆದಳು. ನಲ್ಲಿಯ ನೀರು, ಕೋರ್ಟಿನ ಮೆಟ್ಟಿಲು, ನಡುಗುವ ದನಿ, ಬಿಳಿ ಬಟ್ಟೆ. ಹನ್ನೊಂದು ಆಗುವವರೆಗೆ ತೆಗೆದು, ಮಡಚಿ, ಚಹಾ ಚೆಲ್ಲಿದ್ದ ಕಡೆ ನೆಲದ ಮೇಲೆ ಹಾಸಿದಳು. ಕಾಗದ ಚಹಾ ಹೀರಿತು. ಒಳ್ಳೆಯ ಕಾಗದ.

“ಸಹಿ ಮಾಡಂಗಿಲ್ಲ,” ಎಂದಳು.

ಬಸವೇಶ್ ಚೀಲ ಹೆಗಲಿಗೆ ಹಾಕಿಕೊಂಡು ಮೆಟ್ಟಿಲಿಳಿದ. ಅರ್ಧ ಮೆಟ್ಟಿಲಲ್ಲಿ ನಿಂತು ಏನೋ ಅಂದ. ಕೆಳಗಿನ ರಸ್ತೆಯ ಟಂಟಂ ಆಟೋಗಳ ಸಪ್ಪಳದಲ್ಲಿ ಅದು ಮೇಲಕ್ಕೆ ಬರಲಿಲ್ಲ. ಕ್ರಾಂತಿಕುಮಾರ್ ಬಾಯಿ ತೆರೆದ, ಉಚ್ಚಂಗೆಮ್ಮನನ್ನು ನೋಡಿ ಮುಚ್ಚಿದ, ತಟ್ಟೆಗಳನ್ನು ಎತ್ತಿಕೊಂಡು ತೊಳೆಯಲು ಒಳಗೆ ಹೋದ. ರೋಜಾ ಅವನ ಹಿಂದೆ ಹೋದಳು. ಬಾಗಿಲಲ್ಲಿ ತಿರುಗಿ, “ಅಕ್ಕಾ, ಹೊಸಾದು ಬರದ ಮ್ಯಾಲೆ ನಾನ ಓದ್ತೀನಿ. ಹಿತ ಆಗದಿದ್ರೂ ಓದ್ತೀನಿ,” ಎಂದಳು.

ತಾಯಿ ಮಗಳು ಉಳಿದರು.

ಯಶೋಧರಾ ಉಳಿದ ಮುನ್ನೂರು ಪುಟದ ಕಟ್ಟನ್ನು ತಂದು ತಾಯಿಯ ಪಕ್ಕ ಚಾಪೆಯ ಮೇಲೆ ಕೂತಳು. ಉಚ್ಚಂಗೆಮ್ಮ ಮಗಳ ಬಲಗೈ ಎಳೆದುಕೊಂಡು ಉಗುರುಗಳನ್ನು ನೋಡಿದಳು, ಹದಿನೇಳು ವರ್ಷದ ಹಿಂದಿನದು ಏನಾದರೂ ಉಳಿದಿದೆಯೋ ಎಂಬಂತೆ.

“ಈಗ ಕಡೀಕ ಏನು ಬರೀತಿ?”

“ತೊಳದಿದ್ದು.”

“ಆಮ್ಯಾಲೆ?”

“ಅಷ್ಟ. ನೀರು ಬಂತು, ಅಪ್ಪನ ಮೈ ತೊಳದ್ವಿ, ಅವ್ರು ಬಿಡುಗಡಿ ಆದ್ರು. ಜಂಬಣ್ಣ ಗೋದಾಮು ಕಟ್ಟಿದ. ಅಲ್ಲಿಗೇ ನಿಲ್ಲಿಸ್ತೀನಿ.”

ಉಚ್ಚಂಗೆಮ್ಮ ಕೈ ಬಿಡಲಿಲ್ಲ. ಮಗಳ ಮುಖಕ್ಕೆ ಮುಖ ತಂದು, ಒಂದು ಕಾಲಕ್ಕೆ ಗುಂಡಿಗೆ ಹೋಗು ಎಂದು ಕಳಿಸಿದ ಅದೇ ದನಿಯಲ್ಲಿ ಹೇಳಿದಳು.

“ಬರಿ. ಬ್ಯಾಡ ಅನ್ನಂಗಿಲ್ಲ. ಆದ್ರ ನಾನು ತೊಳದೆ ಅಂತ ಬರಿ. ಕೋರ್ಟಿನಾಗ ಹಂಗ ಹೇಳೀನಿ, ಕೇರ್‍ಯಾಗ ಹಂಗ ಹೇಳೀನಿ. ಹದಿನೇಳು ವರ್ಷ ನಡದೈತಿ ಅದು. ನನಗ ಯಾರು ಏನಂದ್ರೂ ಹತ್ತಂಗಿಲ್ಲ. ನೀ ಆಫೀಸಿನಾಗ ನಾಲ್ಕು ಮಂದಿ ನಡುವ ಕುಂದ್ರಾಕಿ. ಅವ್ವ ತೊಳದ್ಲು ಅಂತ ಬರಿ. ಕೇಳಿಸ್ತೇನು? ನಾ ಹೇಳಾಕತ್ತೀನಿ.”

“ಇಲ್ಲವ್ವ,” ಎಂದಳು ಯಶೋಧರಾ. “ಹಂಗ ಬರಿಯಂಗಿಲ್ಲ.”